ಘಟ್ಟ ಹತ್ತುವ ಮರಗಳಿಗೆ ದಾರಿ ಬೇಕು

(ಅಂಕೋಲೆಯಲ್ಲಿ ಕಾರ್ಮಿಕರ ಹಾಗೂ ಚಿಕ್ಕ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಕಾಡಿನ ಮಾತು ಜಂಗಲ್ ಖಾತೆಯವರಿಗೆ ಸೇರಿದ್ದು, ನಮಗೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಆದರೆ ಈ ಪೇಟೆಯಲ್ಲಿ ತಕ್ಕಡಿ ಹಿಡಿದವರು ಮುರುಗಲು, ಉಪ್ಪಾಗೆ, ರಾಮಪತ್ರೆಗಳನ್ನು ತೂಗಿದ್ದಾರೆ. ದಾಂಡೇಲಿಯ ಕಾಗದದ ಗಿರಣಿಯಲ್ಲಿ ದುಡಿದವರು ಇದೇ ಜಿಲ್ಲೆಯ ಬಿದಿರನ್ನು ಅರೆದು ಕಾಗದ ಮಾಡಿದ್ದಾರೆ. ಕಾಡು ನಮ್ಮ ಅನ್ನದ ಲೆಕ್ಕದಲ್ಲಿಯೇ ಇದೆ. ಆದಕಾರಣ ಹವೆ ಬದಲಾದರೆ ಕಾಡಿನ ಮರಕ್ಕೆ ಏನಾಗುತ್ತದೆಂಬುದನ್ನು ನಾವೇ ವಿಚಾರ ಮಾಡಬೇಕಾಗಿದೆ.

ಕಲ್ಲಿದ್ದಲು, ಎಣ್ಣೆಗಳನ್ನು ಸುಟ್ಟ ಹೊಗೆಯಿಂದ ಭೂಮಿ ಕಾಯುತ್ತಿದೆ. 2024ನೇ ಇಸವಿಯಲ್ಲಿ ಜಗತ್ತಿನ ಸರಾಸರಿ ಉಷ್ಣತೆಯು 19ನೇ ಶತಮಾನದ ಉತ್ತರಾರ್ಧಕ್ಕಿಂತ ಸುಮಾರು 1.5 ಡಿಗ್ರಿ ಹೆಚ್ಚಾಗಿತ್ತು. ಹೊಗೆ ಬಿಟ್ಟವರಲ್ಲಿ ಶ್ರೀಮಂತ ರಾಷ್ಟ್ರಗಳದ್ದೇ ದೊಡ್ಡ ಪಾಲು. ಬಿಸಿ ಉಣ್ಣುವ ಪಾಳಿ ಮಾತ್ರ ಎಲ್ಲರದು.

ಸೆಕೆ ತಾಳದ ಮನುಷ್ಯ ಘಟ್ಟ ಹತ್ತುತ್ತಾನೆ. ಮರವೂ ಹತ್ತಬೇಕು. ಗುಡ್ಡವನ್ನು 100 ಮೀಟರ್ ಏರಿದರೆ ಹವೆ ಸುಮಾರು ಅರ್ಧ ಡಿಗ್ರಿ ತಂಪಾಗುತ್ತದೆ. ಒಂದೂವರೆ ಡಿಗ್ರಿಗೆ 250ರಿಂದ 300 ಮೀಟರ್ ಎಂದಾಯಿತು. ನೀಲಗಿರಿಯಲ್ಲಿ ಏರಲು ಎತ್ತರವುಂಟು. ಕಾರವಾರ, ಅಂಕೋಲೆಗಳ ಬೆನ್ನಿಗಿರುವ ಘಟ್ಟವೋ, ಬಹುಪಾಲು ಕಡೆ 600 ಮೀಟರಿನ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಅದರಾಚೆ ಮಳೆ ಕಡಿಮೆಯಾಗುತ್ತ ಹೋಗುವ ಸೀಮೆ. ತುದಿ ಮುಟ್ಟಿದ ಮರ ಅಲ್ಲಿಂದ ಎಲ್ಲಿಗೆ ಹೋಗಬೇಕು?

ಇನ್ನೊಂದು ಸಂಕಟವುಂಟು. ಪಶ್ಚಿಮ ಘಟ್ಟದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಬಂದಂತೆ ಒಣ ತಿಂಗಳುಗಳು ಹೆಚ್ಚುತ್ತವೆ. ದಕ್ಷಿಣ ಕೇರಳದಲ್ಲಿ ಅವು ಎರಡು ಮೂರು. ನಮ್ಮಲ್ಲಿ ಮಳೆಗಾಲದಲ್ಲಿ ಆಕಾಶವೇ ಹರಿದು ಬಿದ್ದರೂ ಐದಾರು ತಿಂಗಳು ಒಣಗಾಲ. ಹೀಗಾಗಿ ಎಷ್ಟೋ ನಿತ್ಯಹಸಿರು ಮರಗಳಿಗೆ ನಮ್ಮ ಜಿಲ್ಲೆಯೇ ಉತ್ತರದ ಗಡಿ. ಗಡಿಯಲ್ಲಿ ನಿಂತವನಿಗೆ ಮೊದಲ ಪೆಟ್ಟು.

ರಾಮಪತ್ರೆಯ ಬಳಗವನ್ನೇ ನೋಡಿ. ಹೊನ್ನಾವರದಿಂದ ಜೋಗದ ಕಡೆಗೆ ಹೋಗುವ ದಾರಿಯಲ್ಲಿ ಸಿದ್ದಾಪುರ ತಾಲೂಕಿನ ಕತ್ತಲೆಕಾನು ಸಿಗುತ್ತದೆ. ಅಲ್ಲಿಯ ಹಳ್ಳದ ಕೆಸರಿನಲ್ಲಿ ಈ ಮರಗಳು ಬೇರನ್ನು ಮಂಡಿಯಂತೆ ಮೇಲಕ್ಕೆ ಬಾಗಿಸಿ ಉಸಿರಾಡುತ್ತವೆ. ಗೇರಿನ ಬಳಗದ ಒಂದು ಮರಕ್ಕೆ ಶಾಸ್ತ್ರಜ್ಞರು 2000ನೇ ಇಸವಿಯಲ್ಲಿ ಆ ಕಾಡಿನ ಹೆಸರನ್ನೇ ಇಟ್ಟರು. ಅಷ್ಟು ಅಪರೂಪದ ಜಾಗ ಅದು. ಇಲ್ಲಿಯ ಮರಗಳಿಗೆ ಹಳ್ಳದ ನೀರು ವರ್ಷವಿಡೀ ಬೇಕು. ರಾಮಪತ್ರೆಯ ಬೀಜ ದಪ್ಪನೆಯದು, ಒಣಗಿದರೆ ಸತ್ತುಹೋಗುತ್ತದೆ. ಬೇಸಿಗೆಯಲ್ಲಿ ಹಳ್ಳ ಬತ್ತಿತೆನ್ನಿ, ಹಳೆಯ ಮರಗಳು ಇನ್ನೂ ಹಲವು ವರ್ಷ ಹಸಿರಾಗಿಯೇ ನಿಂತಿರುತ್ತವೆ, ಕೆಳಗೆ ಸಸಿ ಏಳುವುದಿಲ್ಲ. ಮುದುಕರಷ್ಟೇ ಉಳಿದ ಊರಿನಂತೆ. ದೂರದಿಂದ ನೋಡಿದ ಅಧಿಕಾರಿ ಮಾತ್ರ ಕಾಡು ಸೊಂಪಾಗಿದೆಯೆಂದು ಬರೆದುಕೊಂಡು ಹೋಗುತ್ತಾನೆ.

ಮರ ನಡೆಯುವುದು ಬೀಜದ ಕಾಲಿನಿಂದ. ರಾಮಪತ್ರೆಯ ಬೀಜವನ್ನು ದೂರಕ್ಕೆ ಒಯ್ಯುವುದು ಮಂಗಟ್ಟೆ ಹಕ್ಕಿ. ದಾಂಡೇಲಿಯ ಸುತ್ತ 2011ರಲ್ಲಿ ಆ ಹಕ್ಕಿಗೆಂದೇ ಕಾಡು ಕಾದಿರಿಸಿದ್ದಾರೆ, ಒಳ್ಳೆಯದು. ಆದರೆ ಹಕ್ಕಿ ಬೀಜ ಹಾಕುವ ನೆಲ ಯಾವುದು? ಬ್ರಿಟಿಷರ ಕಾಲದಿಂದ ನೆಟ್ಟ ಸಾಗವಾನಿಯ ತೋಪು, ಆಮೇಲಿನ ಅಕೇಶಿಯ, ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾಗಳಲ್ಲಿ ಕಟ್ಟಿದ ಅಣೆಕಟ್ಟುಗಳ ಹಿನ್ನೀರು. ಬಿಸಿಲು ಬೀಳುವ ತೋಪಿನಲ್ಲಿ ನೆರಳಿನ ಸಸಿ ಬದುಕದು. 1958ರ ಸುಮಾರಿಗೆ ಸರಕಾರವು ದಾಂಡೇಲಿಯ ಗಿರಣಿಗೆ ಒಂದು ಟನ್ ಬಿದಿರನ್ನು ಒಂದೂವರೆ ರೂಪಾಯಿಗೆ ಕೊಟ್ಟಿತು. ಬಿದಿರು ಬರಿದಾದ ಮೇಲೆ ದೂರದ ರಾಜ್ಯಗಳಿಂದ ತರಿಸಬೇಕಾಯಿತು. ಇದು ಗಿರಣಿ ಕಾರ್ಮಿಕನನ್ನು ದೂರುವ ಮಾತಲ್ಲ. ಆ ದರವನ್ನು ಅವನು ಗೊತ್ತು ಮಾಡಿರಲಿಲ್ಲ.

ಕೆಳಗೆ ಸಮುದ್ರದಂಚಿನಲ್ಲಿಯೂ ಇದೇ ಕತೆ. ಕಾಳಿಯ ಅಳಿವೆಯ ಕಾಂಡ್ಲಾ ಮರಗಳು ನೀರು ಏರಿದಂತೆ ಹಿಂದಕ್ಕೆ ಸರಿಯಬೇಕು; ಹಿಂದೆ ಗೋಡೆಯೋ ರಸ್ತೆಯೋ ಇದ್ದರೆ ಅಲ್ಲಿಯೇ ಮುಳುಗಬೇಕು.

ಹುಬ್ಬಳ್ಳಿ-ಅಂಕೋಲಾ ರೈಲು ಬೇಕೆಂದು ವ್ಯಾಪಾರಸ್ಥರು ಬಹುಕಾಲದಿಂದ ಕೇಳುತ್ತಿದ್ದಾರೆ. ಅದನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಆ ದಾರಿ ಘಟ್ಟದ ಕಾಡನ್ನೇ ಸೀಳಿಕೊಂಡು ಬರತಕ್ಕದ್ದು. ಸುರಂಗವೆಷ್ಟು, ಹಳ್ಳಗಳ ಮೇಲೆ ಎತ್ತರದ ಸೇತುವೆಗಳೆಷ್ಟು, ಕಡಿಯುವ ಮರಗಳು ಯಾವುವು ಎಂಬ ಲೆಕ್ಕವನ್ನು ಊರಿನವರ ಮುಂದೆ ಇಡದೆ ಯಾರೂ ಒಪ್ಪಿಗೆ ಕೊಡಕೂಡದು.

2006ರ ಅರಣ್ಯ ಹಕ್ಕು ಕಾಯಿದೆಯು ಗ್ರಾಮಸಭೆಗೆ ತನ್ನ ಕಾಡನ್ನು ಕಾಯುವ ಅಧಿಕಾರ ಕೊಟ್ಟಿದೆ. ಸಾಗುವಳಿ ಭೂಮಿಯ ಅರ್ಜಿಗಳೊಡನೆ ಊರೊಟ್ಟಿನ ಕಾಡಿನ ಅರ್ಜಿಯೂ ಹೋಗಲಿ. ಅಕೇಶಿಯ ಕಡಿದಲ್ಲಿ ಮತ್ತೆ ಅಕೇಶಿಯ ಬೇಡ. ಹಳ್ಳದ ಎರಡೂ ದಂಡೆಗೆ ಘಟ್ಟದ ಬುಡದಿಂದ ತಲೆಯವರೆಗೆ ಊರ ಮರಗಳ ಸಾಲು ಬೇಕೆಂದು ಠರಾವು ಮಾಡಿರಿ.

ಅಂಗಡಿಕಾರರಲ್ಲಿ ಒಂದು ವಿನಂತಿ. ಬೇರೆಯವರು ಕೊಯ್ದಾರೆಂಬ ಅವಸರದಲ್ಲಿ ಬಲಿಯದ ರಾಮಪತ್ರೆಯನ್ನು ಕೊಯ್ದು ತಂದರೆ ಕೊಳ್ಳಬೇಡಿ. ಬಲಿತದ್ದಕ್ಕೆ ಕಿಲೋಗೆ ನಾಲ್ಕು ಕಾಸು ಹೆಚ್ಚು ಕೊಡಿ. ಪ್ರತಿ ಮರದಲ್ಲಿ ಹಕ್ಕಿಯ ಪಾಲೆಂದು ಒಂದಿಷ್ಟು ಬಿಟ್ಟು ಬರಲು ಹೇಳಿ. ಪತ್ರೆ ಬಿಡಿಸಿದ ಹಸಿ ಬೀಜವನ್ನು ಬಿಸಿಲಿಗೆ ಹಾಕದೆ ಆ ವಾರದೊಳಗೇ ಹಳ್ಳದಂಚಿನ ಒದ್ದೆ ಮಣ್ಣಿನಲ್ಲಿ ಊರಲಿ.