ಬಂದದ್ದೆಷ್ಟು, ಲಾಭವೆಷ್ಟು?



ಹಿಂದೆ ಕನ್ನಡ ನಾಡಿನ ಹಲವೆಡೆ ಭತ್ತ ಅಳೆಯುವಾಗ ಮೊದಲ ಸೇರಿಗೆ 'ಒಂದು' ಎನ್ನುತ್ತಿರಲಿಲ್ಲ. 'ಲಾಭ' ಎಂದು ಹೇಳಿ, ಬಳಿಕ ಎರಡು, ಮೂರು ಎಂದು ಎಣಿಸುತ್ತಿದ್ದರು. ಶುಭ ಶಬ್ದದಿಂದ ಎಣಿಕೆ ಆರಂಭವಾಗಲಿ ಎಂಬ ಆಶಯ ಅದು. ಕಾಪು, ಕಾರ್ಕಳದ ತುಳುವರಲ್ಲಿ 'ಪೊಲಿ' ಎಂಬ ಮಾತುಂಟು. ಹೆಚ್ಚಳ, ಸಮೃದ್ಧಿ ಎಂದು ಅದರ ಅರ್ಥ. ಕನ್ನಡದ 'ಹುಲುಸು' ಇದೇ ಬಳಗಕ್ಕೆ ಸೇರಿದ್ದು.

'ಲಾಭ' ಸಂಸ್ಕೃತದ 'ಲಭ್' ಧಾತುವಿನಿಂದ ಬಂದಿದೆ. ಲಭ್ ಎಂದರೆ ಪಡೆಯುವುದು. ಸಲೀಸಾಗಿ ಸಿಗುವುದು ಸುಲಭ, ಕಷ್ಟಪಟ್ಟರಷ್ಟೇ ಸಿಗುವುದು ದುರ್ಲಭ. ಮೂಲಾರ್ಥದಲ್ಲಿ ಕೈಗೆ ಬಂದದ್ದೆಲ್ಲವೂ ಲಾಭವೇ. ಆದರೆ ಅಂಗಡಿಯ ಲೆಕ್ಕದಲ್ಲಿ ಹಾಗಲ್ಲ. ಅಲ್ಲಿ ಬಂದದ್ದು ವರಮಾನ. ಅಸಲು, ಖರ್ಚು ಕಳೆದು ಉಳಿದದ್ದಷ್ಟೇ ಲಾಭ. ಏನೂ ಉಳಿಯದಿದ್ದರೆ 'ಗಿಟ್ಟುವುದಿಲ್ಲ', ಕೈಯಿಂದ ಹೋದರೆ 'ಲುಕ್ಸಾನು'.

ಈ ಎರಡು ಅರ್ಥಗಳು ಬೆರೆತರೆ ಪೆಟ್ಟು ಬೀಳುವುದು ಸಣ್ಣ ದುಡಿಮೆಗಾರರಿಗೆ. ಕಾಪು ಬಳಿಯ ಶಂಕರಪುರದ ಮಲ್ಲಿಗೆಯನ್ನೇ ನೋಡಿ. ಇಲ್ಲಿ ಹೂವಿನ ಲೆಕ್ಕ ಚೆಂಡು, ಅಟ್ಟೆಗಳಲ್ಲಿ. ಚೆಂಡಿಗೆ ಸುಮಾರು 800 ಹೂ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದರ ದಿನವೂ ಬದಲಾಗುತ್ತದೆ. ಅಟ್ಟೆಗೆ 800 ರೂಪಾಯಿ ಬಂತೆಂದು ಇಟ್ಟುಕೊಳ್ಳಿ. ಗೊಬ್ಬರ, ಬಾಳೆನಾರು, ಸಾಗಾಟಕ್ಕೆ 300 ರೂಪಾಯಿ ಹೋದರೆ 500 ರೂಪಾಯಿ ಲಾಭ ಎನ್ನುತ್ತಾರೆ ಮನೆಯವರು. ಬೆಳಗ್ಗೆ ಮೊಗ್ಗು ಕೊಯ್ದ ಅಮ್ಮ, ಕೂತು ಕಟ್ಟಿದ ಮಗಳು, ಇವರ ಕೂಲಿ ಎಲ್ಲಿ? ಅದು 500 ಎಂದು ಬರೆದರೆ ಲಾಭ ಸೊನ್ನೆ! ಅಮ್ಮ ಹಾಸಿಗೆ ಹಿಡಿದು, ಕೆಲಸಕ್ಕೆ ಆಳು ಕರೆದ ದಿನವೇ ಈ ಸತ್ಯ ಮನೆಯವರಿಗೆ ಗೊತ್ತಾಗುವುದು.

ಸಣ್ಣ ಹಣದ ಬೆಲೆ ಉಡುಪಿಗೆ ಹೊಸತಲ್ಲ. 1925ರಲ್ಲಿ ಇಲ್ಲಿ ಹುಟ್ಟಿ, ಮುಂದೆ ಮಣಿಪಾಲವನ್ನು ಕೇಂದ್ರ ಮಾಡಿಕೊಂಡ ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು. ಅದು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ಮನೆಬಾಗಿಲಲ್ಲೇ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸಿತು. ಎರಡಾಣೆಗೂ ಲೆಕ್ಕವಿಟ್ಟ ಊರಿದು. ಮನೆಯ ಹೆಂಗಸರ ದುಡಿಮೆಗೂ ಆ ಪುಸ್ತಕದಲ್ಲಿ ಒಂದು ಸಾಲು ಬೇಕು. ಮೊದಲ ಸೇರಿಗೆ 'ಲಾಭ' ಎನ್ನುವುದು ಹಾರೈಕೆ. ಕೊನೆಯ ಸಾಲಿನಲ್ಲಿ 'ಲಾಭ' ಎಂದು ಬರೆಯಬೇಕಾದರೆ ಮೊದಲು ಅವರ ಕೂಲಿ ಕಳೆಯಬೇಕು.