ಊರಿಗೊಂದು ಆಂಟೆನಾ



1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೋ, ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ‘ಸೈಟ್’ ಪ್ರಯೋಗ ನಡೆಸಿತು. ದೇಶದ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ನಮ್ಮ ರಾಯಚೂರು ಜಿಲ್ಲೆಯ ಹಳ್ಳಿಗಳೂ ಅದರಲ್ಲಿದ್ದವು. ಉಪಗ್ರಹದ ಸಂಕೇತವೇ ಪ್ರಬಲವಾಗಿದ್ದರಿಂದ, ಕೋಳಿಗೂಡಿನ ತಂತಿಜಾಲರಿಯಿಂದ ಮಾಡಿದ ಅಗ್ಗದ ಆಂಟೆನಾ ಸಾಕಾಯಿತು. ಆದರೆ ಹಳ್ಳಿಯವರು ನೋಡಬಹುದಿತ್ತು, ಮರಳಿ ಮಾತಾಡುವಂತಿರಲಿಲ್ಲ. ವರ್ಷ ಮುಗಿಯಿತು, ಉಪಗ್ರಹದ ಪ್ರಸಾರವೂ ನಿಂತಿತು.

ಕೇಬಲ್ ತಲುಪದ ಊರಿಗೆ ಇಂದು ಎರಡೂ ಕಡೆಯಿಂದ ಮಾತಾಡಬಲ್ಲ ಉಪಗ್ರಹ ಇಂಟರ್‌ನೆಟ್ ಇದೆ. ಮನೆಗೊಂದು ಹಾಕಿಸಿದರೆ ದುಬಾರಿ. ಶಾಲೆ, ಆಸ್ಪತ್ರೆ, ಪಂಚಾಯಿತಿ ಕೂಡಿ ಒಂದನ್ನೇ ಬಳಸಿದರೆ ಖರ್ಚು ಹಂಚಿಹೋಗುತ್ತದೆ. ಸಾಫ್ಟ್‌ವೇರ್ ಕೆಲಸದಲ್ಲಿ ನಾನು ಕಂಡದ್ದಿಷ್ಟೇ: ಯಂತ್ರ ತರುವುದು ಸುಲಭ, ನಡೆಸಿಕೊಂಡು ಹೋಗುವುದು ಕಷ್ಟ. ಕೆಟ್ಟದ್ದನ್ನು ರಿಪೇರಿ ಮಾಡುವ ಕೈ ಊರಲ್ಲೇ ಇರಬೇಕು. ಅಂಥ ಕೈಗಳು ನಮ್ಮ ಸಂತೆಕಲ್ಲೂರಿನ ಶಾಲೆಯಲ್ಲೇ ತಯಾರಾಗಲಿ.