ಉಪ್ಪು ತಿಂದು ನೀರು ಕುಡಿಯುವ ಗಿಡ

ಉಪ್ಪಿನಕಾಯಿ ಹಾಕಿದವರಿಗೆ ಇದು ಗೊತ್ತು. ಗಟ್ಟಿ ಮಾವಿನ ಮಿಡಿಯನ್ನು ಭರಣಿಗೆ ತುಂಬಿ ಹರಳುಪ್ಪು ಹಾಕಿಟ್ಟರೆ, ಕೆಲವೇ ದಿನಗಳಲ್ಲಿ ಮಿಡಿ ಚಿರುಟುತ್ತದೆ, ಭರಣಿಯಲ್ಲಿ ನೀರು ನಿಲ್ಲುತ್ತದೆ. ಮಿಡಿಯೊಳಗಿದ್ದ ನೀರನ್ನು ಉಪ್ಪು ಹೊರಗೆಳೆದಿರುತ್ತದೆ. ಗದ್ದೆಗೆ ಕಡಲ ನೀರು ನುಗ್ಗಿದರೆ ಪೈರಿನ ಬೇರಿಗೆ ಆಗುವುದೂ ಇದೇ. ಅಘನಾಶಿನಿ ನದಿ ದಂಡೆಯ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನು ಒಂದು ಮಟ್ಟದವರೆಗೆ ತಾಳಿಕೊಳ್ಳುತ್ತದೆ. ಆದರೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಕಡಲ ನೀರನ್ನೇ ಕುಡಿದು ಬೆಳೆಯುವ ಗಿಡವೊಂದಿದೆ. ಅದು ಸ್ಯಾಲಿಕಾರ್ನಿಯ.

ಇದರ ಬಿಗೆಲೋವಿ ಎಂಬ ಜಾತಿ ಅಮೆರಿಕ, ಮೆಕ್ಸಿಕೊ ಕರಾವಳಿಯ ಜೌಗಿನಲ್ಲಿ ತಾನಾಗಿ ಹುಟ್ಟುತ್ತದೆ. ಮೊಣಕಾಲೆತ್ತರದ ಪೊದೆ. ಎಲೆ ಎಂದು ಕಣ್ಣಿಗೆ ಬೀಳುವಂಥದ್ದು ಇಲ್ಲ. ಗೆಣ್ಣುಗೆಣ್ಣಾದ, ರಸ ತುಂಬಿದ ಹಸಿರು ಕಡ್ಡಿಗಳಷ್ಟೆ. ಎಳೆಯದನ್ನು ಮುರಿದು ಬಾಯಿಗಿಟ್ಟರೆ ಉಪ್ಪುಪ್ಪು.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತೇವಲ್ಲ, ಈ ಗಿಡದ ಗುಟ್ಟೇ ಅದು. ಒಳಬಂದ ಉಪ್ಪನ್ನು ಜೀವಕೋಶದೊಳಗಿನ ಚೀಲಗಳಲ್ಲಿ ಕೂಡಿಡುತ್ತದೆ. ಒಳಗಿನ ರಸ ಕಡಲಿಗಿಂತಲೂ ಉಪ್ಪಾದಾಗ ನೀರು ತಾನಾಗಿ ಒಳಕ್ಕೆ ಬರುತ್ತದೆ. ಕಡ್ಡಿ ಉಬ್ಬಿರುವುದು ಆ ನೀರಿನಿಂದ.

ಮೈಯೆಲ್ಲ ಉಪ್ಪಾದರೂ ಬೀಜಕ್ಕೆ ಮಾತ್ರ ಅದನ್ನು ಹೆಚ್ಚು ಸೇರಗೊಡುವುದಿಲ್ಲ. ರಾಗಿಗಿಂತ ಹಗುರವಾದ ಆ ಬೀಜದಲ್ಲಿ ನೂರಕ್ಕೆ ಸುಮಾರು 30 ಪಾಲು ಅಡುಗೆಗಾಗುವ ಎಣ್ಣೆ, ಹೆಚ್ಚುಕಡಿಮೆ ಅಷ್ಟೇ ಪ್ರೋಟೀನು. ಮೆಕ್ಸಿಕೊದ ಮರಳುಗಾಡಿನ ಕಡಲಂಚಿನಲ್ಲಿ 6 ವರ್ಷ ಸಮುದ್ರದ ನೀರನ್ನೇ ಹಾಯಿಸಿ ಬೆಳೆದು ನೋಡಿದ ವಿಜ್ಞಾನಿಗಳು 1991ರಲ್ಲಿ ಲೆಕ್ಕ ಕೊಟ್ಟರು: ಹೆಕ್ಟೇರಿಗೆ 2 ಟನ್ ಬೀಜ, ಅಂದರೆ ಎಕರೆಗೆ 8 ಕ್ವಿಂಟಲ್. ಸೋಯಾ ಬೆಳೆಗಾರರೂ ಒಪ್ಪುವ ಇಳುವರಿ. 2019ರಲ್ಲಿ ಅಬುಧಾಬಿಯಿಂದ ಆಮ್‌ಸ್ಟರ್‌ಡ್ಯಾಮಿಗೆ ಹಾರಿದ ವಿಮಾನವೊಂದರ ಇಂಧನದಲ್ಲಿ ಸ್ಯಾಲಿಕಾರ್ನಿಯದ ಎಣ್ಣೆಯೂ ಸೇರಿತ್ತು.

ತೊಡಕೂ ಇದೆ. ಎಣ್ಣೆ ತೆಗೆದ ಹಿಂಡಿಯಲ್ಲಿ ಸಪೋನಿನ್ ಉಳಿಯುತ್ತದೆ. ಅಂಟುವಾಳ ಕಾಯಿ ನೊರೆ ಬರಿಸುವುದೂ ಇಂಥದ್ದೇ ಪದಾರ್ಥದಿಂದ. ಹಿಂಡಿಯನ್ನು ಸಂಸ್ಕರಿಸದೆ ತಿನ್ನಿಸಿದರೆ ಕೋಳಿಮರಿಗೆ ಒಗ್ಗದು. ಸಿಹಿನೀರಿನ ಬಾವಿಗಳ ನಡುವೆ ಕಡಲ ನೀರು ಹಾಯಿಸಿದರಂತೂ ಬಾವಿಯೇ ಉಪ್ಪಾದೀತು.

ನಮ್ಮಲ್ಲೂ ಇದರ ನೆಂಟನಿದ್ದಾನೆ. ತಮಿಳುನಾಡಿನ ಕರಾವಳಿಯಲ್ಲಿ ಅವನ ಹೆಸರು ಉಮರಿ. ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ ಆ ಗಿಡದಿಂದಲೇ ಉಪ್ಪು ತೆಗೆದಿದೆ. ಗದ್ದೆಯ ಬೆಳೆಯನ್ನು ಕಿತ್ತು ಇದನ್ನು ನೆಡಬೇಕೆಂದು ಯಾರೂ ಹೇಳುವುದಿಲ್ಲ. ಬಿತ್ತಿದ್ದೆಲ್ಲ ಮಿಡಿಯಂತೆ ಚಿರುಟುವ ಉಪ್ಪುಬಯಲಿಗೆ ತಕ್ಕ ಗಿಡ ಇದು.